ಸಿಕಂದರಾಬಾದಿನ ಪಲ್ಟನ್, ಬೆಂಗಳೂರಿನ ಹುಡುಗರು: ಯುದ್ಧ ನುಂಗಿದ ಒಂದು ಫುಟ್‌ಬಾಲ್ ಕಾಲ

ಆನೆಗೊಂದಿಯಿಂದ ಮಾತಾಡ್ತಿದ್ದೀನಿ. ಈ ಇತಿಹಾಸದ ಮಾತುಕತೆಯಲ್ಲಿ ಸಾಮಾನ್ಯವಾಗಿ ನಾವು ಕೋಟೆ, ಶಾಸನ, ವಿಜಯನಗರದ ಕಾಲುವೆ ಅಂತ ಸುತ್ತಾಡ್ತೀವಿ. ಇವತ್ತು ಫುಟ್‌ಬಾಲ್. "ಆನೆಗೊಂದಿಗೂ ಫುಟ್‌ಬಾಲಿಗೂ ಏನ್ರೀ ಸಂಬಂಧ?" ಅಂತ ನೀವು ಕೇಳಿದ್ರೆ ಅದು ಸರಿಯಾದ ಪ್ರಶ್ನೆನೇ. ನಮ್ಮ ಕಡೆ ಕುಸ್ತಿ ಐತಿ, ಕಬಡ್ಡಿ ಐತಿ, ಕ್ರಿಕೆಟ್ ಅಂತೂ ಗದ್ದೆ ಕೊಯ್ಲು ಮುಗಿದ ಮರುದಿನವೇ ಶುರು. ಫುಟ್‌ಬಾಲ್ ಕಡಿಮೆ. ಆದ್ರೆ ಇವತ್ತಿನ ಕಥೆಯಲ್ಲಿ ಬರುವ ಎರಡು ತಂಡಗಳಲ್ಲಿ ಒಂದರ ಬಿಡಾರ ಇದ್ದದ್ದು ಆಗ ನಾವು ಸೇರಿದ್ದ ರಾಜ್ಯದಲ್ಲಿ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಇನ್ನೊಂದು ತಂಡ ಬೆಂಗಳೂರಿನದು.

ಮೊದಲೇ ಕಥೆಯ ಎಲುಬು ಹೇಳಿಬಿಡ್ತೀನಿ. 1938ರಲ್ಲಿ ಮುಂಬೈನ ರೋವರ್ಸ್ ಕಪ್ ಫೈನಲ್. ಒಂದು ಕಡೆ ಬೆಂಗಳೂರು ಮುಸ್ಲಿಮ್ಸ್ ಅನ್ನೋ ಕ್ಲಬ್. ಇನ್ನೊಂದು ಕಡೆ ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್ ಅನ್ನೋ ಸ್ಕಾಟ್ಲೆಂಡಿನ ಪಲ್ಟನ್ನಿನ ತಂಡ. ಬೆಂಗಳೂರಿನವರು ಗೆದ್ದರು. ಅದಾಗಿ ನಾಲ್ಕು ವರ್ಷ ತುಂಬುವ ಮೊದಲೇ ಆ ಪಲ್ಟನ್ ಮಲಯಾದ ರಬ್ಬರ್ ತೋಟಗಳ ನಡುವೆ ಹೆಚ್ಚುಕಡಿಮೆ ಇಲ್ಲವಾಯಿತು. ಬೆಂಗಳೂರಿನವರು ಹತ್ತು ವರ್ಷದ ಮೇಲೆ, 1948ರಲ್ಲಿ, ಮತ್ತೆ ಅದೇ ಕಪ್ ಎತ್ತಿದರು. ಆ ಹತ್ತು ವರ್ಷದಲ್ಲಿ ಏನೇನಾಯ್ತು ಅನ್ನೋದೇ ಇವತ್ತಿನ ಮಾತು.

ಮೊದಲು ಆಗಿನ ನಕ್ಷೆ ಕಣ್ಣಮುಂದೆ ತಂದುಕೊಳ್ರಿ. ನಮ್ಮ ತುಂಗಭದ್ರೆಯೇ ಗಡಿ. ಈ ದಂಡೆಯ ಆನೆಗೊಂದಿ, ಗಂಗಾವತಿ ನಿಜಾಮರದು. ಆ ದಂಡೆಯ ಹಂಪಿ, ಹೊಸಪೇಟೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಈ ಕಡೆ ಹಾಲಿ ಸಿಕ್ಕಾ ರೂಪಾಯಿ, ಆ ಕಡೆ ಬ್ರಿಟಿಷರ ರೂಪಾಯಿ. ಹರಿಗೋಲು ಹತ್ತಿ ದಾಟಿದ್ರೆ ಸರ್ಕಾರವೇ ಬೇರೆ. ಇನ್ನೂ ದಕ್ಷಿಣಕ್ಕೆ ಹೋದರೆ ಮೈಸೂರು ಒಡೆಯರ ಸಂಸ್ಥಾನ. ಕನ್ನಡ ಮಾತಾಡುವ ಜನ ಹೀಗೆ ಹಲವು ಸರ್ಕಾರಗಳ ಕೆಳಗೆ ಹಂಚಿಹೋಗಿದ್ದರು.

ಈ ಎರಡೂ ಸಂಸ್ಥಾನಗಳ ಹೊಟ್ಟೆಯೊಳಗೆ ಬ್ರಿಟಿಷರದೇ ಒಂದೊಂದು ದೊಡ್ಡ ದಂಡು ಕೂತಿತ್ತು. ಕಂಟೋನ್ಮೆಂಟ್ ಅನ್ನೋದಕ್ಕೆ ಹಳೇ ಬೆಂಗಳೂರಿನವರು ಬಳಸುತ್ತಿದ್ದ ಪದವೇ ದಂಡು. ನಿಜಾಮರ ರಾಜ್ಯದಲ್ಲಿ ಸಿಕಂದರಾಬಾದ್. ನಿಜಾಮ ಸಿಕಂದರ್ ಜಾಹ್ ಹೆಸರಿನಲ್ಲಿ 1806ರಲ್ಲಿ ಹುಟ್ಟಿದ ಊರು ಅದು. ಮೈಸೂರು ರಾಜ್ಯದಲ್ಲಿ ಬೆಂಗಳೂರು ದಂಡು. ಅದು ಶುರುವಾದದ್ದು 1809ರಲ್ಲಿ, ಶ್ರೀರಂಗಪಟ್ಟಣದಿಂದ ಪಡೆಗಳನ್ನು ಎಬ್ಬಿಸಿಕೊಂಡು ಬಂದ ಮೇಲೆ. ಬೆಂಗಳೂರಿನ ಪೇಟೆ ಭಾಗ ಮಹಾರಾಜರದು, ದಂಡಿನ ಭಾಗ ಬ್ರಿಟಿಷ್ ರೆಸಿಡೆಂಟರದು. ಒಂದೇ ಊರು, ಎರಡು ಆಡಳಿತ.

ದಂಡು ಅಂದ್ರೆ ಬರೀ ಸೋಲ್ಜರ್‌ಗಳಲ್ಲ. ಒಂದು ಪಲ್ಟನ್ ಬಂದು ಇಳೀತು ಅಂದ್ರೆ ಅದರ ಹಿಂದೆ ದರ್ಜಿ, ಚಮ್ಮಾರ, ಬಡಗಿ, ಅಗಸ, ಅಡುಗೆಯವ, ಕುದುರೆ ನೋಡಿಕೊಳ್ಳುವವ, ಮಾಂಸ-ತರಕಾರಿ ಪೂರೈಸುವ ಗುತ್ತಿಗೆದಾರ ಎಲ್ಲ ಬರ್ತಾರೆ. ಹಲಸೂರು, ಈಗಿನ ಶಿವಾಜಿನಗರ ಈ ಕಡೆಯೆಲ್ಲ ತಮಿಳು, ಉರ್ದು ಮನೆಮಾತಿನ ಸಾವಿರಾರು ಕುಟುಂಬ ನೆಲೆಸಿದ್ದು ಈ ದಂಡಿನ ಸುತ್ತಲೇ. ಪಲ್ಟನ್ ಎರಡು-ಮೂರು ವರ್ಷ ಇದ್ದು ಹೊರಟುಹೋಗ್ತಿತ್ತು, ಇನ್ನೊಂದು ಬರ್ತಿತ್ತು. ದರ್ಜಿಯ ಮನೆ ಮಾತ್ರ ಅಲ್ಲೇ. ಈ ಮಾತನ್ನ ಸ್ವಲ್ಪ ನೆನಪಿನಲ್ಲಿಡ್ರಿ, ಮುಂದೆ ಬೇಕಾಗ್ತದೆ.

ಈಗ ಆಟಕ್ಕೆ ಬರೋಣ. ಬ್ರಿಟಿಷ್ ಪಲ್ಟನ್ನುಗಳಲ್ಲಿ ಫುಟ್‌ಬಾಲ್ ದಿನಚರಿಯ ಭಾಗ ಆಗಿತ್ತು. ಇಪ್ಪತ್ತರ ಆಸುಪಾಸಿನ ಸಾವಿರ ಗಂಡಸರನ್ನು ಮನೆ-ಮಠದಿಂದ ಸಾವಿರಾರು ಮೈಲಿ ದೂರ ತಂದು ಬ್ಯಾರಕ್ಕಿನಲ್ಲಿ ಇಟ್ಟರೆ ಅವರ ಸಂಜೆಗಳಿಗೆ ಏನಾದರೂ ಕೆಲಸ ಕೊಡಬೇಕಲ್ಲ. ಕುಡಿತ, ಜಗಳ, ಬೇಸರ, ರೋಗ ಇವುಗಳಿಗೆ ಅಧಿಕಾರಿಗಳು ಕಂಡುಕೊಂಡ ಮದ್ದುಗಳಲ್ಲಿ ಚೆಂಡೂ ಒಂದು. ಮೊದಲು ಪಲ್ಟನ್ನಿನ ಒಳಗೆ ಕಂಪನಿ ಕಂಪನಿಗಳ ನಡುವೆ ಪಂದ್ಯ. ಅದರಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಪಲ್ಟನ್ನಿನ ತಂಡ. ಆ ತಂಡ ದೊಡ್ಡ ಕಪ್‌ಗಳಿಗೆ ರೈಲು ಹತ್ತುತ್ತಿತ್ತು.

ಆಗಿನ ದೊಡ್ಡ ಕಪ್‌ಗಳೆಲ್ಲ ಹೀಗೆ ಮಿಲಿಟರಿಯವರ ಸುತ್ತ ಬೆಳೆದವೇ. 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಡ್ಯುರಾಂಡ್ ಕಪ್, 1891ರಲ್ಲಿ ಮುಂಬೈನಲ್ಲಿ ಶುರುವಾದ ರೋವರ್ಸ್ ಕಪ್, ಕೋಲ್ಕತಾದ ಐಎಫ್‌ಎ ಶೀಲ್ಡ್. ಗೆದ್ದವರ ಪಟ್ಟಿ ಓದಿದ್ರೆ ಬ್ರಿಟಿಷ್ ಸೈನ್ಯದ ಹಾಜರಿ ಪುಸ್ತಕ ಓದಿದ ಹಾಗೆ. 1911ರ ಜುಲೈ 29ರಂದು ಕೋಲ್ಕತಾದಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಶೀಲ್ಡ್ ಗೆದ್ದದ್ದು ದೇಶದ ಸುದ್ದಿಯಾಗಿದ್ದು ಇದಕ್ಕೇ. ರೋವರ್ಸ್ ಕಪ್ಪಿನಲ್ಲಿ ಅಂಥ ದಿನ ಬರಲು ಇನ್ನೂ 26 ವರ್ಷ ಹಿಡೀತು. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೆ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. 1937ರವರೆಗೆ ಒಂದೇ ಒಂದು ಭಾರತೀಯ ತಂಡ ಆ ಕಪ್ ಗೆದ್ದಿರಲಿಲ್ಲ.

ಗೆದ್ದ ಮೊದಲ ಭಾರತೀಯ ತಂಡ ಯಾವುದು? ಕೋಲ್ಕತಾದ್ದಲ್ಲ, ಮುಂಬೈನದ್ದೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್. 1937ರ ಫೈನಲ್‌ನಲ್ಲಿ ಕೋಲ್ಕತಾದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಒಂದೇ ಗೋಲಿನಿಂದ ಸೋಲಿಸಿದರು. ಮೊಹಮ್ಮಡನ್ ಅಂದ್ರೆ ಆಗ ಸಾಮಾನ್ಯ ತಂಡ ಅಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಕೋಲ್ಕತಾ ಲೀಗ್ ಗೆದ್ದವರು. ಅಂಥವರನ್ನು ಸೋಲಿಸಿ ಬೆಂಗಳೂರಿನ ಹುಡುಗರು ಕಪ್ ತಂದರು.

ಮರುವರ್ಷ 1938ರಲ್ಲಿ ಕಪ್ ಉಳಿಸಿಕೊಳ್ಳಬೇಕಿತ್ತು. ಫೈನಲ್‌ನಲ್ಲಿ ಎದುರಾದವರು ಆರ್ಗೈಲ್ಸ್. ಭಾರತದಲ್ಲಿ ಆಗ ಇದ್ದದ್ದು ಅವರ ಎರಡನೇ ಬೆಟಾಲಿಯನ್. ವಾಯವ್ಯ ಗಡಿಯ ವಜೀರಿಸ್ತಾನದ ಗುಡ್ಡಗಳಲ್ಲಿ ಕಾದಾಡಿ ಕೆಳಗೆ ಬಯಲಿಗೆ ಬಂದ ಪಲ್ಟನ್. ಅವರ ನೆಲೆ ಆಮೇಲೆ ನಮ್ಮ ಸಿಕಂದರಾಬಾದ್. ಸ್ಕಾಟ್ಲೆಂಡಿನವರು ಅಂದ್ರೆ ಫುಟ್‌ಬಾಲ್ ಅವರಿಗೆ ಮನೆಯ ಆಟ. ಬೂಟು, ಜೆರ್ಸಿ, ಆಸ್ಪತ್ರೆ, ಹೊಟ್ಟೆ ತುಂಬ ಊಟ, ಓಡಾಡೋಕೆ ಸರ್ಕಾರದ ರೈಲು ಪಾಸು. ಎದುರಿಗೆ ನಿಂತವರು ದಂಡಿನ ಗಲ್ಲಿಗಳ ಹುಡುಗರು. ಬರಿಗಾಲಲ್ಲಿ ಆಡೋದು ಅವತ್ತಿನ ಭಾರತೀಯ ಆಟಗಾರರಲ್ಲಿ ಸಾಮಾನ್ಯ. ಬೂಟು ಹಾಕಿಕೊಂಡವನ ಮುಂದೆ ಬರಿಗಾಲಲ್ಲಿ ನುಗ್ಗೋದು ಎಂಥ ಕೆಲಸ ಅಂತ, ಕಾಲ್ಬೆರಳಿಗೆ ಕಲ್ಲು ತಗುಲಿಸಿಕೊಂಡ ಯಾರಿಗಾದ್ರೂ ಊಹೆ ಆಗ್ತದೆ. ಸತತ ಎರಡನೇ ಸಲ ಕಪ್ ಬೆಂಗಳೂರಿಗೇ ಬಂತು.

ಇಲ್ಲಿಗೆ ನಿಲ್ಲಿಸಿದ್ರೆ ಇದು ಆಳುವವರ ಮೇಲೆ ಆಳಿಸಿಕೊಂಡವರ ಗೆಲುವಿನ ಕಥೆ. ಚಪ್ಪಾಳೆ ಹೊಡೆದು ಎದ್ದು ಹೋಗಬಹುದು. ಆದ್ರೆ ಸೋತ ತಂಡದವರು ರೈಲು ಹತ್ತಿ ವಾಪಸ್ ಹೋದ ಮೇಲೆ ಏನಾಯ್ತು ಅಂತ ಯಾರೂ ಸಾಮಾನ್ಯವಾಗಿ ಕೇಳಲ್ಲ. ನಾನು ಅವರ ಹಿಂದೆಯೇ ಸ್ವಲ್ಪ ದೂರ ಹೋಗ್ತೀನಿ.

1939ರ ಆಗಸ್ಟ್. ಯುರೋಪಿನಲ್ಲಿ ಯುದ್ಧ ಇನ್ನೂ ಶುರುವಾಗಿಲ್ಲ, ಆದ್ರೆ ವಾಸನೆ ಹತ್ತಿದೆ. ಸಿಂಗಾಪುರದಲ್ಲಿ ಬ್ರಿಟಿಷರ ದೊಡ್ಡ ನೌಕಾನೆಲೆ ಇದೆ, ಅದಕ್ಕೆ ಕಾವಲು ಬೇಕು. 12ನೇ ಭಾರತೀಯ ಬ್ರಿಗೇಡಿಗೆ ಹೊರಡಲು ಆಜ್ಞೆ ಆಯ್ತು. ಆರ್ಗೈಲ್ಸ್ ಸಿಕಂದರಾಬಾದಿನ ಬ್ಯಾರಕ್ ಖಾಲಿ ಮಾಡಿ ಹಡಗು ಹತ್ತಿದರು. ಅದೇ ಬ್ರಿಗೇಡಿನಲ್ಲಿ 4/19 ಹೈದರಾಬಾದ್ ಅನ್ನೋ ಭಾರತೀಯ ಪಲ್ಟನ್ ಕೂಡ ಇತ್ತು. ಹೆಸರು ಹೈದರಾಬಾದ್, ಹಳೇ ನಿಜಾಮ್ ಕಂಟಿಂಜೆಂಟಿನಿಂದ ಬಂದ ಹೆಸರು. ಸಿಪಾಯಿಗಳು ಮಾತ್ರ ಬಹುಪಾಲು ಉತ್ತರದ ಕುಮಾವೂನಿಗಳು, ಜಾಟರು, ಅಹೀರರು. ಮುಂದೆ 1945ರಲ್ಲಿ ಇದೇ ರೆಜಿಮೆಂಟಿಗೆ ಕುಮಾವೂನ್ ಅಂತ ಹೆಸರಾಯ್ತು. ಸಿಂಗಾಪುರದಲ್ಲಿ ಆ ಪಲ್ಟನ್ನಿನ ಅಧಿಕಾರಿಗಳಲ್ಲಿ ಒಬ್ಬರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಹೌದು, ನಮ್ಮ ಜನರಲ್ ತಿಮ್ಮಯ್ಯನವರೇ. ಮಲಯಾಕ್ಕೆ ಯುದ್ಧ ಬರುವ ಮುನ್ನ ಅವರಿಗೆ ಭಾರತಕ್ಕೆ ವರ್ಗ ಆಯ್ತು. ಅವರ ಜೊತೆಗಿದ್ದವರು ಅಲ್ಲೇ ಉಳಿದರು.

1941ರ ಡಿಸೆಂಬರ್ 8ರಂದು ಜಪಾನಿ ಪಡೆ ಮಲಯಾದ ಕೋಟಾ ಬಾರುವಿನಲ್ಲಿ ಇಳೀತು. ಎರಡೇ ದಿನದಲ್ಲಿ, ಡಿಸೆಂಬರ್ 10ರಂದು, ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಅನ್ನೋ ಎರಡು ದೊಡ್ಡ ಬ್ರಿಟಿಷ್ ಯುದ್ಧನೌಕೆಗಳು ವಿಮಾನ ದಾಳಿಯಲ್ಲಿ ಮುಳುಗಿದವು. ಆರ್ಗೈಲ್ಸ್ ಪಲ್ಟನ್ನಿನ ಕಮಾಂಡರ್ ಇಯಾನ್ ಸ್ಟೀವರ್ಟ್ ತನ್ನ ಜವಾನರಿಗೆ ರಸ್ತೆ ಬಿಟ್ಟು ಕಾಡಿನೊಳಗೆ ಕಾದಾಡುವ ತರಬೇತಿ ಮೊದಲೇ ಕೊಟ್ಟಿದ್ದ. ಹಾಗಾಗಿ ಹಿಂದೆ ಸರಿಯುತ್ತಾ ಸರಿಯುತ್ತಾ ವಾರಗಟ್ಟಲೆ ಅವರು ತಡೆದು ನಿಂತರು. ನಿದ್ದೆಯಿಲ್ಲ, ಬದಲಿ ಪಡೆಯಿಲ್ಲ, ಮೇಲೆ ತಮ್ಮ ವಿಮಾನ ಇಲ್ಲ.

1942ರ ಜನವರಿ 7. ಸ್ಲಿಮ್ ರಿವರ್ ಅನ್ನೋ ಜಾಗ. ಇನ್ನೂ ಬೆಳಕು ಹರಿಯುವ ಮುಂಚೆ ಜಪಾನಿ ಟ್ಯಾಂಕುಗಳು ರಸ್ತೆಗುಂಟ ನುಗ್ಗಿದವು. ಮೊದಲು ಹೊಡೆತ ತಿಂದದ್ದು 4/19 ಹೈದರಾಬಾದ್, ಮುಂದೆ ಪಂಜಾಬ್ ಪಲ್ಟನ್, ಆಮೇಲೆ ಆರ್ಗೈಲ್ಸ್. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ಮುರಿದುಬಿತ್ತು. ಉಳಿದವರು ರಬ್ಬರ್ ತೋಟ, ಕಾಡು, ಹೊಳೆ ದಾಟಿಕೊಂಡು ಚದುರಿದರು. ಎಷ್ಟೋ ಜನ ಸತ್ತರು, ಎಷ್ಟೋ ಜನ ಸೆರೆಸಿಕ್ಕರು. ಸಿಕಂದರಾಬಾದಿನಿಂದ ಹೊರಟ ಪಲ್ಟನ್ನಿನಲ್ಲಿ ಕಾದಾಡುವ ಸ್ಥಿತಿಯಲ್ಲಿ ಉಳಿದದ್ದು ಒಂದು ಸಣ್ಣ ತುಂಡು.

ಇಲ್ಲಿ ಫುಟ್‌ಬಾಲ್ ಒಂದು ವಿಚಿತ್ರ ರೀತಿಯಲ್ಲಿ ಮತ್ತೆ ಬರ್ತದೆ. ಆ ಅಳಿದುಳಿದ ಆರ್ಗೈಲ್ಸ್ ಜೊತೆಗೆ, ಮುಳುಗಿದ ಆ ಎರಡು ಹಡಗುಗಳಿಂದ ಬದುಕಿ ಬಂದ ಇನ್ನೂರು ಚಿಲ್ಲರೆ ನೌಕಾ ಯೋಧರನ್ನು ಸೇರಿಸಿ ಒಂದು ಪಲ್ಟನ್ ಮಾಡಿದರು. ಆ ನೌಕಾ ಯೋಧರು ಇಂಗ್ಲೆಂಡಿನ ಪ್ಲಿಮತ್ ಬಂದರಿನವರು. ಪ್ಲಿಮತ್ ಊರಿನಲ್ಲಿ ಪ್ಲಿಮತ್ ಆರ್ಗೈಲ್ ಅನ್ನೋ ಹಳೇ ಫುಟ್‌ಬಾಲ್ ಕ್ಲಬ್ ಇದೆ, ಇವತ್ತಿಗೂ ಇದೆ. ಸೋಲ್ಜರ್‌ಗಳು ತಮ್ಮನ್ನೇ "ಪ್ಲಿಮತ್ ಆರ್ಗೈಲ್ಸ್" ಅಂತ ಕರ್ಕೊಂಡರು. ಅರ್ಧ ಪಲ್ಟನ್ ಮಣ್ಣಾಗಿದೆ, ಹಡಗು ಸಮುದ್ರದ ತಳ ಸೇರಿದೆ, ಶತ್ರು ಬೆನ್ನಹಿಂದೆ ಇದ್ದಾನೆ. ಆ ಹೊತ್ತಿನಲ್ಲಿ ಹೊಳೆದದ್ದು ಒಂದು ಫುಟ್‌ಬಾಲ್ ತಂಡದ ಹೆಸರು. ಮನುಷ್ಯ ಹೀಗೂ ಇರ್ತಾನೆ.

ಜನವರಿ 31ರಂದು ಬ್ರಿಟಿಷ್ ಪಡೆ ಮಲಯಾ ಬಿಟ್ಟು ಸೇತುವೆ ದಾಟಿ ಸಿಂಗಾಪುರ ದ್ವೀಪಕ್ಕೆ ಬಂತು. ಕೊನೆಯಲ್ಲಿ ದಾಟಿದವರು ಆರ್ಗೈಲ್ಸ್, ತಮ್ಮ ಬ್ಯಾಗ್‌ಪೈಪ್ ಊದಿಸಿಕೊಂಡು. ಫೆಬ್ರವರಿ 15ಕ್ಕೆ ಸಿಂಗಾಪುರ ಶರಣಾಯಿತು. ಬ್ರಿಟಿಷ್ ಸೆರೆಯಾಳುಗಳನ್ನು ಚಾಂಗಿಗೆ ಕಳಿಸಿದರು. ಅಲ್ಲಿಯೂ ಮೈಯಲ್ಲಿ ಕಸುವು ಇರುವವರೆಗೆ ಅವರು ಚೆಂಡು ಆಡಿದರು. ಆಮೇಲೆ ಬರ್ಮಾ-ಥಾಯ್ಲೆಂಡ್ ರೈಲು ಮಾರ್ಗದ ಕೂಲಿ. ಆ ಹಳಿ ಹಾಕಲು ಒಯ್ದ 60,000ಕ್ಕೂ ಹೆಚ್ಚು ಸೆರೆಯಾಳುಗಳಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಮಲಯಾದ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳೂ ಸೇರಿ ಏಷ್ಯಾದ ಕೆಲಸಗಾರರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸತ್ತರು. ಅವರ ಲೆಕ್ಕವನ್ನು ಯಾರೂ ಸರಿಯಾಗಿ ಇಡಲಿಲ್ಲ.

ಭಾರತೀಯ ಸಿಪಾಯಿಗಳನ್ನು ಬೇರೆ ಮಾಡಿದರು. ಫೆಬ್ರವರಿ 17ರಂದು ಸುಮಾರು 40,000 ಜನರನ್ನು ಫಾರೆರ್ ಪಾರ್ಕಿನಲ್ಲಿ ಸೇರಿಸಿ ಜಪಾನಿಯರ ಕೈಗೆ ಒಪ್ಪಿಸಿದರು. ಆಜಾದ್ ಹಿಂದ್ ಫೌಜ್ ಕಟ್ಟುವ ಮಾತು ಹೊರಟದ್ದು ಅಲ್ಲೇ. ಆ ಫಾರೆರ್ ಪಾರ್ಕ್ ಏನು ಗೊತ್ತೇ? ಅದೂ ಆಟದ ಮೈದಾನವೇ. 1945ರ ಸೆಪ್ಟೆಂಬರ್ 12ರಂದು ಅದೇ ಸಿಂಗಾಪುರದಲ್ಲಿ ಜಪಾನ್ ಶರಣಾದಾಗ ಭಾರತದ ಪರವಾಗಿ ಹಾಜರಿದ್ದವರು ಬ್ರಿಗೇಡಿಯರ್ ತಿಮ್ಮಯ್ಯ. ತಮ್ಮ ಹಳೇ ಪಲ್ಟನ್ ಕಳೆದುಹೋದ ಊರಿಗೆ ಅವರು ಹಾಗೆ ಮರಳಿದ್ದರು.

ಈಗ ಬೆಂಗಳೂರಿಗೆ ವಾಪಸ್ ಬರೋಣ. ಯುದ್ಧ ಬೆಂಗಳೂರು ದಂಡನ್ನು ಏನು ಮಾಡ್ತು? ಮೊದಲನೆಯದು, ಊರನ್ನೇ ದೊಡ್ಡದೊಂದು ಸೇನಾನೆಲೆ ಮಾಡ್ತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಎಚ್‌ಎಎಲ್. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಿ, ಯುದ್ಧ ವಿಮಾನಗಳ ರಿಪೇರಿ ಡಿಪೋ ಮಾಡಿದರು. ಆಫ್ರಿಕಾದಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ ಸೈನಿಕರನ್ನು ತಂದು ಜಾಲಹಳ್ಳಿ ಕಡೆಯ ಶಿಬಿರಗಳಲ್ಲಿ ಇಟ್ಟರು. ಬೆಂಗಳೂರಿನ ಬೀದಿಯಲ್ಲಿ ಒಂದೇ ಕಾಲಕ್ಕೆ ಬ್ರಿಟಿಷರು, ಅಮೆರಿಕನ್ನರು, ಇಟಾಲಿಯನ್ನರು.

ಎರಡನೆಯದು, ದಂಡಿನ ಫುಟ್‌ಬಾಲ್ ತಂಡಗಳ ಸ್ವಭಾವವೇ ಬದಲಾಯ್ತು. ಶಾಂತಿಯ ಕಾಲದಲ್ಲಿ ಪಲ್ಟನ್ ತಂಡ ಅಂದ್ರೆ ವರ್ಷಗಟ್ಟಲೆ ಒಟ್ಟಿಗೆ ಆಡಿದ ಹನ್ನೊಂದು ಜನ. ಯುದ್ಧ ಬಂದ ಮೇಲೆ ಹಾಗಲ್ಲ. ರೋವರ್ಸ್ ಕಪ್ ಪಟ್ಟಿ ನೋಡ್ರಿ. 1941ರಲ್ಲಿ ವೆಲ್ಷ್ ರೆಜಿಮೆಂಟ್. 1942ರಲ್ಲಿ ಬಾಟಾ ಕಂಪನಿಯ ತಂಡ. 1943ರಲ್ಲಿ ಬ್ರಿಟಿಷ್ ವಾಯುಪಡೆ. 1944ರಲ್ಲಿ ಬ್ರಿಟಿಷ್ ಬೇಸ್ ರೀಇನ್‌ಫೋರ್ಸ್‌ಮೆಂಟ್ ಕ್ಯಾಂಪ್. ಈ ಕೊನೆಯ ಹೆಸರನ್ನು ಇನ್ನೊಮ್ಮೆ ಓದ್ರಿ. ಅದು ಪಲ್ಟನ್ನೂ ಅಲ್ಲ, ಊರೂ ಅಲ್ಲ. ರಣರಂಗದಲ್ಲಿ ಸತ್ತವರ, ಗಾಯಗೊಂಡವರ ಜಾಗ ತುಂಬಲು ಜನರನ್ನು ಸಾಲಾಗಿ ಕೂರಿಸಿಕೊಂಡ ಶಿಬಿರ. ಇವತ್ತು ಬಂದವನು ಮುಂದಿನ ತಿಂಗಳು ಬರ್ಮಾದ ಕಾಡಿನಲ್ಲಿ. ಕಾಯುವವರ ತಂಡ ಅದು.

ಅಂಥ ತಂಡ ಹೇಗೆ ಗೆದ್ದೀತು? ಗೆಲ್ಲೋಕೆ ಕಾರಣ ಇದೆ. ಕಡ್ಡಾಯ ಸೇನಾಭರ್ತಿಯಿಂದ ಬ್ರಿಟನ್ನಿನ ವೃತ್ತಿಪರ ಆಟಗಾರರೂ ಖಾಕಿ ಹಾಕಿಕೊಂಡು ಭಾರತಕ್ಕೆ ಬಂದಿದ್ದರು. ಆರ್ಸೆನಲ್ ಕ್ಲಬ್ಬಿನ ಡೆನಿಸ್ ಕಾಂಪ್ಟನ್ ಮಧ್ಯ ಭಾರತದ ಮಹೂ ದಂಡಿನಲ್ಲಿ ವ್ಯಾಯಾಮ ಶಿಕ್ಷಕ. ಕ್ರಿಕೆಟ್ ಪ್ರಿಯರಿಗೆ ಆತನ ಹೆಸರು ಬೇರೆ ಕಾರಣಕ್ಕೆ ಗೊತ್ತು, 1944-45ರ ರಣಜಿ ಫೈನಲ್‌ನಲ್ಲಿ ಹೋಳ್ಕರ್ ತಂಡದ ಪರ ಮುಂಬೈ ವಿರುದ್ಧ ಔಟಾಗದೆ 249 ರನ್ ಹೊಡೆದವ. ಅದೇ ಕಾಂಪ್ಟನ್ ಬರ್ಮಾ ರಣರಂಗದ ಹಿಂದಿನ ಶಿಬಿರಗಳಿಗೆ ಫುಟ್‌ಬಾಲ್ ತಂಡ ಕಟ್ಟಿಕೊಂಡು ಹೋಗಿ ಸೈನಿಕರ ಎದುರು ಆಡಿದ. ಹೀಗೆ ಸೇನಾನೆಲೆಯ ತಂಡಕ್ಕೆ ಏಕಾಏಕಿ ಒಳ್ಳೇ ಆಟಗಾರರು ಬರ್ತಿದ್ದರು, ಅಷ್ಟೇ ಏಕಾಏಕಿ ಹೋಗ್ತಿದ್ದರು. ಅವರ ಸೀಸನ್ ಎಷ್ಟು ದಿನ ಅಂತ ಪಂದ್ಯಪಟ್ಟಿ ಹೇಳ್ತಿರಲಿಲ್ಲ. ಒಂದು ಹಾಳೆ ಆಜ್ಞೆ ಹೇಳ್ತಿತ್ತು.

ಈಗ ಆ ದರ್ಜಿಯ ಮನೆ ನೆನಪಿಸಿಕೊಳ್ರಿ. ಪಲ್ಟನ್ ಹೋದರೂ ಅಲ್ಲೇ ಉಳಿದ ಮನೆ. ಬೆಂಗಳೂರು ದಂಡಿನ ಫುಟ್‌ಬಾಲ್ ಬೆಳೆದದ್ದು ಆ ಮನೆಗಳಲ್ಲಿ. ತಂದೆ ಆಡಿದ ಮೈದಾನದಲ್ಲೇ ಮಗ ಆಡ್ತಿದ್ದ. ಗಲ್ಲಿಯಲ್ಲಿ ಒಬ್ಬ ಕಲಿತ ಚಳಕ ಹತ್ತು ಹುಡುಗರಿಗೆ ದಾಟ್ತಿತ್ತು. ಯುದ್ಧದ ಮೊದಲ ಪೂರ್ಣ ವರ್ಷ, 1940ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಮತ್ತೆ ರೋವರ್ಸ್ ಫೈನಲ್ ಆಡಿತು. ಈ ಸಲ ಮೊಹಮ್ಮಡನ್ ಸ್ಪೋರ್ಟಿಂಗ್ ಹಳೇ ಲೆಕ್ಕ ತೀರಿಸಿಕೊಂಡಿತು, ಒಂದು ಗೋಲಿನಿಂದ ಬೆಂಗಳೂರಿಗೆ ಸೋಲು. ಅದೇ ವರ್ಷ ದೆಹಲಿಯಲ್ಲಿ ಮೊಹಮ್ಮಡನ್ ರಾಯಲ್ ವಾರ್ವಿಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಗೆದ್ದಿತು. ಅದರ ನಂತರ ಡ್ಯುರಾಂಡ್ ಯುದ್ಧದ ಕಾರಣಕ್ಕೆ ನಿಂತೇಹೋಯ್ತು, ಮತ್ತೆ ಶುರುವಾದದ್ದು 1950ರಲ್ಲಿ. ಹೊಸದಾಗಿ 1941ರಲ್ಲಿ ಶುರುವಾದ ಸಂತೋಷ್ ಟ್ರೋಫಿಯೂ ನಡುವೆ ಎರಡು ವರ್ಷ ನಿಂತಿತು.

ಟೂರ್ನಿ ನಿಂತರೂ ಹುಡುಗರು ಬೆಳೆಯೋದು ನಿಲ್ಲಲಿಲ್ಲ. ಬೆಂಗಳೂರಿನ ಅಹಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ. ಲೆಕ್ಕ ಹಾಕ್ರಿ, ಯುದ್ಧ ಶುರುವಾದಾಗ ಹನ್ನೆರಡು ವರ್ಷದ ಹುಡುಗ, ಮುಗಿದಾಗ ಹದಿನೆಂಟರ ತರುಣ. ಆಟ ಕಲಿಯುವ ವಯಸ್ಸೆಲ್ಲ ಯುದ್ಧದೊಳಗೇ ಕಳೀತು. ಫಲ ಕಂಡದ್ದು ಯುದ್ಧ ಮುಗಿದ ಮೇಲೆ. 1946-47ರ ಸಂತೋಷ್ ಟ್ರೋಫಿ ಬೆಂಗಳೂರಿನಲ್ಲೇ ನಡೀತು. ಫೈನಲ್‌ನಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಮೊದಲ ಸಲ ಟ್ರೋಫಿ ಗೆದ್ದಿತು. 1947ರ ಜುಲೈ 26ರಂದು ಬ್ರಿಟಿಷರು ಬೆಂಗಳೂರು ದಂಡನ್ನು ಮೈಸೂರು ಸರ್ಕಾರಕ್ಕೆ ವಾಪಸ್ ಕೊಟ್ಟರು. ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು ಪೇಟೆ ಮತ್ತು ದಂಡು ಒಂದೇ ಆಡಳಿತಕ್ಕೆ ಬಂದವು. ಆಟದಲ್ಲಿ ಅವು ಅದಕ್ಕೂ ಮೊದಲೇ ಒಂದೇ ತಂಡ ಆಗಿದ್ದವು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು, 2-1ರಿಂದ ಸೋತೆವು. ಭಾರತದ ಆ ಒಂದು ಗೋಲು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದಲ್ಲಿ ಅಹಮದ್ ಖಾನ್ ಇದ್ದರು, ಧನರಾಜ್ ಇದ್ದರು, ಎಲ್ಲ ದಂಡಿನ ಊರಿನವರು. ಅದೇ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಮೂರನೇ ಸಲ ರೋವರ್ಸ್ ಕಪ್ ತಂದರು. ಎದುರಿಗೆ ನಿಲ್ಲಲು ಈಗ ಬ್ರಿಟಿಷ್ ಪಲ್ಟನ್ ಒಂದೂ ಉಳಿದಿರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲೇ ಬ್ರಿಟಿಷ್ ಸೈನ್ಯದ ಕೊನೆಯ ಪಲ್ಟನ್ ಮುಂಬೈನಿಂದ ಹಡಗು ಹತ್ತಿತ್ತು.

ಮತ್ತೆ ನಮ್ಮ ದಂಡೆ? ಯುದ್ಧ ಇನ್ನೂ ನಡೀತಿದ್ದಾಗ, 1945ರ ಫೆಬ್ರವರಿ 28ರಂದು, ತುಂಗಭದ್ರಾ ಅಣೆಕಟ್ಟಿಗೆ ಎರಡು ಕಡೆ ಎರಡು ಅಡಿಗಲ್ಲು ಇಟ್ಟರು. ನಮ್ಮ ಎಡದಂಡೆಯಲ್ಲಿ ನಿಜಾಮರ ಮಗ ಬೇರಾರ್ ಯುವರಾಜ, ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಒಂದೇ ಅಣೆಕಟ್ಟು, ಎರಡು ಸರ್ಕಾರ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರು ಶರಣಾದರು, ನಾವು ಭಾರತ ಒಕ್ಕೂಟಕ್ಕೆ ಸೇರಿದೆವು. ಆದ್ರೆ ಹೈದರಾಬಾದ್ ರಾಜ್ಯ 1956ರ ನವೆಂಬರ್ 1ರವರೆಗೆ ಇತ್ತು, ಆನೆಗೊಂದಿ ಅದರಲ್ಲೇ ಇತ್ತು. ಆ ಅವಧಿಯ ರೋವರ್ಸ್ ಕಪ್ ಯಾರದು ಅಂತೀರಿ? 1950ರಿಂದ 1954ರವರೆಗೆ ಸತತ ಐದು ವರ್ಷ ಹೈದರಾಬಾದ್ ಸಿಟಿ ಪೊಲೀಸ್. 1950ರಲ್ಲಿ ಡ್ಯುರಾಂಡ್ ಮತ್ತೆ ಶುರುವಾದಾಗ ಅದನ್ನೂ ಗೆದ್ದವರು ಅವರೇ. ತರಬೇತುದಾರ ಸೈಯದ್ ಅಬ್ದುಲ್ ರಹೀಮ್, ಶಾಲಾ ಮೇಷ್ಟ್ರಾಗಿದ್ದವರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನ ಸೆಮಿಫೈನಲ್‌ವರೆಗೆ ಭಾರತವನ್ನು ಒಯ್ದವರೂ ಅವರೇ. ಆರ್ಗೈಲ್ಸ್ ಖಾಲಿ ಮಾಡಿ ಹೋದ ಅವಳಿ ನಗರದಿಂದಲೇ ದೇಶದ ಅತಿ ದೊಡ್ಡ ತಂಡ ಎದ್ದು ಬಂತು.

ಬೆಂಗಳೂರು, ಹೈದರಾಬಾದ್ ಎರಡೂ ಕಡೆ ನಡೆದದ್ದು ಒಂದೇ ಕೆಲಸ. ದಂಡು ಮೈದಾನ ಕೊಟ್ಟಿತು, ಚೆಂಡು ಕೊಟ್ಟಿತು, ಎದುರಾಳಿಯನ್ನೂ ಕೊಟ್ಟಿತು. ಆಟವನ್ನು ಉಳಿಸಿಕೊಂಡವರು ಮಾತ್ರ ಅಲ್ಲೇ ಉಳಿದ ಜನ. ಸೇನಾನೆಲೆಯ ತಂಡಕ್ಕೆ ಇದ್ದ ಸೌಕರ್ಯ ಯಾವ ಗಲ್ಲಿಯ ತಂಡಕ್ಕೂ ಇರಲಿಲ್ಲ. ಗಲ್ಲಿಯವರಿಗೆ ಇದ್ದದ್ದು ಮುಂದಿನ ವರ್ಷವೂ ಇದೇ ಮೈದಾನಕ್ಕೆ ಬರ್ತೀವಿ ಅನ್ನೋ ಭರವಸೆ. ಆರ್ಗೈಲ್ಸ್ ತಂಡದ ಹುಡುಗರಿಗೆ ಆ ಭರವಸೆ ಇರಲಿಲ್ಲ. ಅವರು ನಮ್ಮನ್ನು ಆಳಿದ ಸರ್ಕಾರದ ಸೋಲ್ಜರ್‌ಗಳು, ನಿಜ. ಹೊರಡು ಅಂದ್ರೆ ಹೊರಡಬೇಕಾದ ಬಡವರ ಮನೆ ಮಕ್ಕಳೂ ಹೌದು. ಎರಡನ್ನೂ ಒಟ್ಟಿಗೆ ಹೇಳದಿದ್ರೆ ಈ ಇತಿಹಾಸ ಪೂರ್ತಿ ಆಗಲ್ಲ ಅಂತ ನನಗನ್ನಿಸ್ತದೆ. ಅವರ ಪಕ್ಕದಲ್ಲೇ ಬಿದ್ದ ಹೈದರಾಬಾದ್, ಪಂಜಾಬ್ ಪಲ್ಟನ್ನಿನ ಸಿಪಾಯಿಗಳನ್ನು ಬಿಟ್ಟರೂ ಅಷ್ಟೇ.

ಕೊನೆಗೆ ಒಂದು ಕೋರಿಕೆ. ಕಪ್ ಗೆದ್ದವರ ಪಟ್ಟಿಯಲ್ಲಿ ತಂಡದ ಹೆಸರು, ವರ್ಷ ಅಷ್ಟೇ ಉಳಿಯುತ್ತೆ. ಆಡಿದವರ ಹೆಸರು ಉಳಿಯೋದು ಮನೆಯ ಗೋಡೆಯ ಮೇಲಿನ ಗುಂಪು ಫೋಟೋದಲ್ಲಿ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ್ದೋ ಅಪ್ಪನ ಕಾಲದ್ದೋ ಯಾವುದೇ ತಂಡದ ಫೋಟೋ ಇದ್ದರೆ, ಫುಟ್‌ಬಾಲ್ ಇರಲಿ, ಕಬಡ್ಡಿ ಇರಲಿ, ಗರಡಿ ಮನೆಯದೇ ಇರಲಿ, ಹೆಸರು ಗೊತ್ತಿರುವ ಹಿರಿಯರು ಇರುವಾಗಲೇ ಅದರ ಹಿಂದೆ ಪೆನ್ಸಿಲ್‌ನಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆದಿಡ್ರಿ. ಹತ್ತು ನಿಮಿಷದ ಕೆಲಸ. ಮುಂದಿನ ಸಂಚಿಕೆಯಲ್ಲಿ ಸಿಗೋಣ.